ಸೋನಿ ಎ6400 ಮತ್ತು ಎ7 ಮಾರ್ಕ್ 3: ನಿತ್ಯಬಳಕೆಗೆ ಯಾವುದು, ನಿಸರ್ಗದೃಶ್ಯಕ್ಕೆ ಯಾವುದು?

ಎರಡೂ 24 ಮೆಗಾಪಿಕ್ಸೆಲ್ ಕ್ಯಾಮೆರಾಗಳೇ. ವ್ಯತ್ಯಾಸವಿರುವುದು ಬೆಳಕನ್ನು ಹಿಡಿಯುವ ಸೆನ್ಸರ್ ಗಾತ್ರದಲ್ಲಿ ಮತ್ತು ಹೆಗಲಿಗೆ ಬೀಳುವ ಭಾರದಲ್ಲಿ. ಬ್ಯಾಟರಿ ಸಹಿತ ಎ6400 ಸುಮಾರು 400 ಗ್ರಾಂ ತೂಗಿದರೆ, ಫುಲ್‌ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವ) ಎ7 ಮಾರ್ಕ್ 3 ಸುಮಾರು 650 ಗ್ರಾಂ ತೂಗುತ್ತದೆ. ಮೊದಲನೆಯದರ ಜೊತೆಗೇ ಮಾರುವ 16-50 ಮಿ.ಮೀ. ಕಿಟ್ ಲೆನ್ಸ್ ಮುಚ್ಚಿದಾಗ ಅಂಗೈಯಲ್ಲಿ ಅಡಗುತ್ತದೆ. ಸಂತೆ, ಮಕ್ಕಳು, ಮದುವೆಮನೆಗೆ ಅಷ್ಟು ಸಾಕು, ಆದರೆ ಅತಿ ಅಗಲ ನೋಟದ 16 ಮಿ.ಮೀ.ನಲ್ಲಿ ಅದರ ಮೂಲೆಗಳು ಮಸುಕಾಗುವುದರಿಂದ ಬೆಟ್ಟಸಾಲಿನ ಚಿತ್ರದ ಅಂಚಿನಲ್ಲಿರುವ ಮರಗಳ ಎಲೆಗಳು ಕಲಸಿದಂತೆ ಕಾಣುತ್ತವೆ. ಎ7 ಮಾರ್ಕ್ 3ರ ಬಾಡಿಯಲ್ಲೇ ಕಂಪನ ನಿಯಂತ್ರಣವಿದ್ದು, ಬೆಳಗಿನ ಆಕಾಶ ಹಾಗೂ ನೆರಳಿನ ಕಣಿವೆ ಎರಡರ ವಿವರವನ್ನೂ ಅದರ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸಿದ ಫೈಲ್) ಹೆಚ್ಚು ಉಳಿಸಿಕೊಳ್ಳುತ್ತದೆ. ಟ್ರೈಪಾಡ್ ಹೊತ್ತೊಯ್ಯುವವರಿಗೆ ಕಂಪನ ನಿಯಂತ್ರಣ ಅಷ್ಟಾಗಿ ಬೇಕಾಗುವುದಿಲ್ಲ. ಹಣ ಮಿತವಾಗಿದ್ದರೆ ಎ6400 ಕೊಂಡು, ಉಳಿದದ್ದನ್ನು ಸೋನಿಯ 10-18 ಮಿ.ಮೀ. ಎಫ್/4 ಲೆನ್ಸಿಗೆ ಹಾಕುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಎ6400ರ ಸೆನ್ಸರ್ ಚಿಕ್ಕದಾದ್ದರಿಂದ ಫುಲ್‌ಫ್ರೇಮ್ ಲೆಕ್ಕದಲ್ಲಿ ಅದು 15-27 ಮಿ.ಮೀ.ನಷ್ಟು ಅಗಲದ ನೋಟ ಕೊಡುತ್ತದೆ.