ಎರಡನೇ ದಿನ ಕೈಕೊಡುವ ಡೈವ್ ಕಂಪ್ಯೂಟರ್

ಡೈವ್ ಕಂಪ್ಯೂಟರ್ ಅಂದರೆ ಸ್ಕೂಬಾ ಡೈವರ್‌ಗಳು ಕಟ್ಟಿಕೊಂಡು ನೀರಿಗಿಳಿಯುವ, ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಲೆಕ್ಕ ಹಾಕುವ ಸಾಧನ. ಮೊದಲ ಡೈವ್‌ನಲ್ಲಿ ಅವೆಲ್ಲವೂ ಒಳ್ಳೆಯವೇ. ಆಳ, ಸಮಯ ತೋರಿಸುತ್ತವೆ, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ ಅನ್ನುತ್ತವೆ. ಬಣ್ಣ ಬಯಲಾಗುವುದು ಎರಡನೇ ದಿನ, ಮೂರನೆಯದೋ ನಾಲ್ಕನೆಯದೋ ಡೈವ್‌ಗೆ ಇಳಿದಾಗ. ಪರದೆಯ ಅಂದ ನೋಡಿ ಸೆಕೆಂಡ್ ಹ್ಯಾಂಡ್ ಕೊಂಡವರು ಪೇಚಿಗೆ ಸಿಕ್ಕುವುದು ಬಹುಪಾಲು ಆಗಲೇ.

ಪದೇ ಪದೇ ನಡೆಯುವ ಪ್ರಸಂಗ ಇದು. ದೋಣಿಯಲ್ಲಿ ಬ್ಯಾಟರಿ ಚಿಹ್ನೆ ತುಂಬಿಯೇ ಇರುತ್ತದೆ. ತಣ್ಣನೆಯ ನೀರಿಗಿಳಿದು ಬ್ಯಾಕ್‌ಲೈಟ್ ಒತ್ತಿದೊಡನೆ ಹಳೆಯ ಬಟನ್ ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ, 18 ಮೀಟರ್‌ನಲ್ಲಿ ಪರದೆ ಖಾಲಿ. ಮೇಲೆ ಬಂದು ಯಾರದೋ ಬಳಿ ಹೊಸ ಸೆಲ್ ಇಸಿದುಕೊಂಡು ಹಾಕಿದರೆ ಮತ್ತೆ ಜೀವ ಬರುತ್ತದೆ. ನಿಜವಾದ ಅಪಾಯ ಶುರುವಾಗುವುದು ಇಲ್ಲಿಂದ. ಹಲವು ಮಾಡೆಲ್‌ಗಳಲ್ಲಿ ಸೆಲ್ ತೆಗೆದರೆ ಅದುವರೆಗಿನ ನೈಟ್ರೋಜನ್ ಲೆಕ್ಕವೂ, ಅಂದರೆ ಆಳದಲ್ಲಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಸೇರಿಕೊಂಡ ನೈಟ್ರೋಜನ್ ಎಷ್ಟೆಂಬ ಲೆಕ್ಕವೂ, ಅಳಿಸಿಹೋಗುತ್ತದೆ. ಅದರ ಪಾಲಿಗೆ ನೀವು ಈ ವಾರ ನೀರನ್ನೇ ಮುಟ್ಟಿಲ್ಲ! ಬೆಳಿಗ್ಗೆ 30 ಮೀಟರ್‌ಗೆ ಹೋಗಿ ಬಂದವರಿಗೂ ಮೊದಲ ಡೈವ್‌ನ ಉದಾರ ನೋ-ಡೆಕೋ ಸಮಯವನ್ನೇ (ಕಡ್ಡಾಯ ನಿಲುಗಡೆಯಿಲ್ಲದೆ ಮೇಲೆ ಬರಬಹುದಾದ ಅವಧಿ) ತೋರಿಸುತ್ತದೆ. ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ ಟೇಬಲ್ 18 ಮೀಟರ್‌ಗೆ ಕೊಡುವ 56 ನಿಮಿಷವೂ ಮೊದಲ ಡೈವ್‌ಗೆ ಮಾತ್ರ, ಎರಡನೆಯದಕ್ಕೆ ಅದರಲ್ಲಿ ದೊಡ್ಡ ಕಡಿತ. ಹೀಗೆ ಲೆಕ್ಕ ಕಳೆದುಕೊಂಡ ಕಂಪ್ಯೂಟರ್ ಕಟ್ಟಿಕೊಂಡು ಅದೇ ದಿನ ಇಳಿಯಬೇಡಿ, 24 ಗಂಟೆ ಬಿಡಿ. ಬಡ್ಡಿಯ (ಜೊತೆಯಲ್ಲಿ ಇಳಿಯುವ ಡೈವರ್‌ನ) ಕಂಪ್ಯೂಟರ್ ಎರವಲು ಪಡೆಯುವುದೂ ತಪ್ಪು, ಅದರಲ್ಲಿರುವುದು ಅವರ ಮೈಯ ಲೆಕ್ಕ.

ಹಾಗಾಗಿ ಕೊಳ್ಳುವ ಮೊದಲು ಮ್ಯಾನುಯಲ್‌ನ ಬ್ಯಾಟರಿ ಅಧ್ಯಾಯ ಓದಿ. ಸೆಲ್ ಬದಲಿಸಿದರೆ ಲೆಕ್ಕ ಉಳಿಯುತ್ತದೆಯೇ? ನಾವೇ ಬದಲಿಸಬಹುದೇ, ಸರ್ವಿಸ್ ಸೆಂಟರ್‌ಗೇ ಕಳಿಸಬೇಕೇ? ಬ್ಯಾಟರಿ ಕೋಣೆ ಪ್ರತ್ಯೇಕವಾಗಿ ಸೀಲ್ ಆಗಿದೆಯೇ? ಆಗಿದ್ದರೆ ನೀರು ನುಗ್ಗಿದರೂ ಸರ್ಕ್ಯೂಟ್ ಉಳಿಯುವ ಸಾಧ್ಯತೆ ಹೆಚ್ಚು. ಸೆಲ್ ಬದಲಿಸುವಾಗ ನೀರು ಒಳಬರದಂತೆ ತಡೆಯುವ ರಬ್ಬರ್ ಬಳೆ ಓ-ರಿಂಗನ್ನು ಪಿನ್ನಿನಿಂದ ಕೀಳಬೇಡಿ, ಪ್ಲಾಸ್ಟಿಕ್ ಕಡ್ಡಿ ಸಾಕು. ಒಂದೇ ಒಂದು ಕೂದಲೆಳೆ ಸಿಕ್ಕಿಕೊಂಡರೂ ಆಳದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ತಯಾರಕರು ಗ್ರೀಸ್ ಹಚ್ಚಿ ಎಂದಿದ್ದರೆ ರಿಂಗ್ ಮಿನುಗುವಷ್ಟು ಮಾತ್ರ ಸಾಕು, ಮೆತ್ತಿದರೆ ಮರಳು ಅಂಟುತ್ತದೆ.

ಇನ್ನೊಂದು ಕಾಟ ಲಾಕ್. ಡೆಕೋ ಸ್ಟಾಪ್ (ಮೇಲೇರುವಾಗ ನೈಟ್ರೋಜನ್ ಹೊರಹೋಗಲು ಮಾಡಬೇಕಾದ ಕಡ್ಡಾಯ ನಿಲುಗಡೆ) ತಪ್ಪಿಸಿ ಮೇಲೆ ಬಂದರೆ ಅನೇಕ ಕಂಪ್ಯೂಟರ್‌ಗಳು 24 ಅಥವಾ 48 ಗಂಟೆ ಮುನಿಸಿಕೊಂಡು ಆಳ, ಸಮಯ ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ನೈಟ್ರೋಜನ್ ಲೆಕ್ಕವಿಲ್ಲದೆ ಆಳ, ಸಮಯ ಮಾತ್ರ ತೋರಿಸುವ ಗೇಜ್ ಮೋಡ್‌ನಲ್ಲಿ ಇಳಿದರೂ ಕೆಲವು ಮಾಡೆಲ್‌ಗಳಲ್ಲಿ ಇದೇ ಕಥೆ. ತಪ್ಪು ಮಾಡಿದವರನ್ನು ಮತ್ತೆ ನೀರಿಗಿಳಿಯದಂತೆ ತಡೆಯುವುದು ಸರಿಯೇ. ಆದರೆ ಮೆನುವಿನಲ್ಲಿ ಬೆರಳು ತಪ್ಪಿ ಗೇಜ್ ಮೋಡ್ ಒತ್ತಿದವರ ಪ್ರವಾಸವೂ ಕೆಡುತ್ತದಲ್ಲ, ಅದು ವಿನ್ಯಾಸದ ದೋಷವೆಂದೇ ಹೇಳಬೇಕು. ಎರಡು ಗುಂಡಿಯ ಕಂಪ್ಯೂಟರ್‌ಗಳಲ್ಲಿ ಇದು ಸುಲಭವಾಗಿ ಆಗುವಂಥದ್ದು. ದಪ್ಪ ಗ್ಲೌಸ್ ಹಾಕಿಕೊಂಡೇ ಗುಂಡಿ ಒತ್ತಿ ನೋಡಿ ಕೊಳ್ಳಿ.

ನೈಟ್ರಾಕ್ಸ್ (ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿ) ಬಳಸುವವರು ಒಂದು ವಿಷಯ ಖಚಿತಪಡಿಸಿಕೊಳ್ಳಬೇಕು: ನಿನ್ನೆಯ ಮಿಶ್ರಣವನ್ನು ಕಂಪ್ಯೂಟರ್ ಇವತ್ತು ಏನು ಮಾಡುತ್ತದೆ? ಕೆಲವು ತಾವಾಗಿಯೇ ಗಾಳಿಗೆ ಮರಳುತ್ತವೆ, ಕೆಲವು ನಿನ್ನೆಯ 32 ಶೇಕಡ ಆಮ್ಲಜನಕವನ್ನೇ ಹಿಡಿದುಕೊಂಡಿರುತ್ತವೆ. ಎರಡನೆಯ ಬಗೆಯದರ ಜೊತೆ ಸಿಲಿಂಡರಿನಲ್ಲಿ ಬರೀ ಗಾಳಿಯಿದ್ದರೆ, ನೀವು 30 ಮೀಟರ್‌ನಲ್ಲಿದ್ದಾಗ ನೈಟ್ರೋಜನ್ ಲೆಕ್ಕ ಸುಮಾರು 24 ಮೀಟರ್‌ನಲ್ಲಿ ಇದ್ದಂತೆ ನಡೆಯುತ್ತದೆ. ಮೊದಲ ಬಗೆಯದರಲ್ಲಿ ಅಪಾಯ ಬೇರೆ. 32 ಶೇಕಡ ತುಂಬಿಸಿ ಸೆಟ್ ಮಾಡಲು ಮರೆತರೆ, ಆಮ್ಲಜನಕದ ಒತ್ತಡಕ್ಕಿರುವ 1.4 ಬಾರ್ ಮಿತಿಯ 33 ಮೀಟರ್ ದಾಟಿದರೂ ಆಮ್ಲಜನಕದ ಎಚ್ಚರಿಕೆ ಮೊಳಗುವುದಿಲ್ಲ.

ಲೆಕ್ಕದ ಸೂತ್ರವನ್ನೂ ನೋಡಿ. ಬ್ಯೂಲ್‌ಮನ್ ಸೂತ್ರದ ಕಂಪ್ಯೂಟರ್‌ಗಳಲ್ಲಿ 45/95, 40/85, 35/75 ಎಂಬ ಗ್ರೇಡಿಯಂಟ್ ಫ್ಯಾಕ್ಟರ್ (ಲೆಕ್ಕ ಎಷ್ಟು ಎಚ್ಚರಿಕೆಯದಿರಬೇಕೆಂಬ ಸೆಟ್ಟಿಂಗ್) ಜೋಡಿಗಳು ಕಾಣುತ್ತವೆ. ಎರಡನೆಯ ಅಂಕಿ, ನೀರಿನಿಂದ ಮೇಲೆ ಬರುವ ಹೊತ್ತಿಗೆ ಮೈಯ ಅಂಗಾಂಶಗಳು ನೈಟ್ರೋಜನ್ ಮಿತಿಯ ಶೇಕಡ ಎಷ್ಟನ್ನು ಮುಟ್ಟಬಹುದು ಎಂಬುದು. ನಿಮ್ಮದು 95, ಬಡ್ಡಿಯದು 75 ಆದರೆ ಅವರ ಸಮಯ ಮೊದಲು ಮುಗಿಯುತ್ತದೆ, ಇಬ್ಬರೂ ಆಗಲೇ ಏರಬೇಕು. ಸೆಟ್ಟಿಂಗ್ ಬದಲಿಸಲು ಬಿಡದ ಮಾಡೆಲ್ ಕೊಂಡರೆ ಈ ಜಗಳ ಪ್ರತಿ ಡೈವ್‌ಗೂ ಇದ್ದದ್ದೇ.

ಹಳೆಯದನ್ನೇ ಕೊಳ್ಳುವುದಾದರೆ ಕವಚದ ಅಂಚಿನ ಸಣ್ಣ ರಂಧ್ರಗಳನ್ನು ಟಾರ್ಚ್ ಹಾಕಿ ನೋಡಿ. ಒತ್ತಡದ ಸೆನ್ಸರ್ ಅದರ ಹಿಂದಿದೆ. ಬಿಳಿ ಉಪ್ಪು ಕಟ್ಟಿದ್ದರೆ ಆಳವೇ ತಪ್ಪು ಬರಬಹುದು. ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ನೆನೆಸಿದರೆ ಸಾಮಾನ್ಯವಾಗಿ ಕರಗುತ್ತದೆ. ಸಿಲಿಂಡರಿನ ಗಾಳಿ ಊದಿ ಒಣಗಿಸಲು ಹೋದರೆ ಸೆನ್ಸರ್‌ನ ಪೊರೆಯೇ ಹರಿಯಬಹುದು. ಆಮೇಲೆ ನೀರಿಗಿಳಿದಾಗ ನಂಬಿಕಸ್ಥ ಇನ್ನೊಂದು ಕಂಪ್ಯೂಟರ್ ಪಕ್ಕದಲ್ಲಿಟ್ಟು ಓದಿ. ಸಿಹಿನೀರು, ಉಪ್ಪುನೀರಿನ ಸೆಟ್ಟಿಂಗ್ ಬೇರೆಯಿದ್ದರೆ ಸುಮಾರು 3 ಶೇಕಡ ವ್ಯತ್ಯಾಸ ಸಹಜ, ಅಂದರೆ 20 ಮೀಟರ್‌ಗೆ 60 ಸೆಂಟಿಮೀಟರ್. ಎರಡರಲ್ಲೂ ಸೆಟ್ಟಿಂಗ್ ಒಂದೇ ಇದ್ದು ಅಂತರ ಒಂದು ಮೀಟರ್ ದಾಟಿದರೆ ಮಾರಿದವರಿಗೇ ವಾಪಸ್ ಕೊಡಿ.