ಫ್ಲೂರಿಯೋ, ಮರ್ರಿಯೋ?

2017ರ ಜೂನ್. ನೀವು ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಐಸ್ ಹಾಕಿ ತಂಡದ ಜನರಲ್ ಮ್ಯಾನೇಜರ್ ಜಿಮ್ ರದರ್‌ಫರ್ಡ್ ಅವರ ಕುರ್ಚಿಯಲ್ಲಿದ್ದೀರಿ ಎಂದುಕೊಳ್ಳಿ. (ಅವರೂ ಹಿಂದೆ ಗೋಲ್‌ಕೀಪರ್ ಆಗಿದ್ದವರೇ!) ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ಗೆ ಹೊಸದಾಗಿ ಸೇರಿದ ವೇಗಸ್ ತಂಡ ಪ್ರತಿ ತಂಡದಿಂದ ಒಬ್ಬ ಆಟಗಾರನನ್ನು ಎತ್ತಿಕೊಳ್ಳಲಿದೆ. ನಿಮ್ಮ ಗೋಲ್‌ಕೀಪರ್‌ಗಳಾದ ಫ್ಲೂರಿ, ಮರ್ರಿ ಇಬ್ಬರಲ್ಲಿ ನೀವು ಉಳಿಸಿಕೊಳ್ಳಬಹುದಾದದ್ದು ಒಬ್ಬನನ್ನು ಮಾತ್ರ.

ಮಾರ್ಕ್-ಆಂಡ್ರೆ ಫ್ಲೂರಿಗೆ 32. 2003ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮೊದಲ ಆಯ್ಕೆ, 2009ರಲ್ಲಿ ಲೀಗ್‌ನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್ ವಿಜೇತ. ಅವನ ಆಟವೆಲ್ಲ ಚುರುಕು. ಇನ್ನೇನು ಗೋಲಾಯಿತು ಎನ್ನುವಾಗ ಚಿಮ್ಮಿ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಬಿಲ್ಲೆ) ತಡೆಯುತ್ತಾನೆ. ಆ ವರ್ಷದ ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಮುಂಚೆ ಮರ್ರಿ ಗಾಯಗೊಂಡಾಗ ತಂಡವನ್ನು ಎರಡು ಸುತ್ತು ದಾಟಿಸಿದ್ದು ಇವನೇ. ವಾಷಿಂಗ್ಟನ್ ವಿರುದ್ಧದ ಸುತ್ತಿನ ನಿರ್ಣಾಯಕ ಏಳನೇ ಪಂದ್ಯದಲ್ಲಿ ಒಂದೂ ಗೋಲು ಬಿಡಲಿಲ್ಲ. ಆದರೆ ಒಟ್ಟಾವ ವಿರುದ್ಧ ಮೊದಲ ಅವಧಿಯಲ್ಲೇ ನಾಲ್ಕು ಗೋಲು ಬಿಟ್ಟು ಜಾಗ ಕಳೆದುಕೊಂಡ.

ಮ್ಯಾಟ್ ಮರ್ರಿಗೆ 23. ಎತ್ತರದ ಹುಡುಗ, ಹಾರಾಟ ಕಡಿಮೆ. ಸರಿಯಾದ ಜಾಗದಲ್ಲಿ ನಿಂತೇ ಕೆಲಸ ಮುಗಿಸುತ್ತಾನೆ. ಫೈನಲ್‌ನ ಕೊನೆಯ ಎರಡೂ ಪಂದ್ಯಗಳಲ್ಲಿ ನ್ಯಾಶ್‌ವಿಲ್‌ಗೆ ಗೋಲೇ ಕೊಡಲಿಲ್ಲ. ಸಂಬಳವೂ ಫ್ಲೂರಿಗಿಂತ ಕಡಿಮೆ. ಮೈ ಮಾತ್ರ ಪದೇ ಪದೇ ಕೈಕೊಡುತ್ತದೆ, ನನಗೆ ಅಳುಕಿದ್ದದ್ದು ಅಲ್ಲೇ.

ಒಪ್ಪಂದದ ಪ್ರಕಾರ ಫ್ಲೂರಿ 'ನಾನು ಹೋಗಲ್ಲ' ಎನ್ನಬಹುದಿತ್ತು. ಅವನೇ ಒಪ್ಪಿ ದಾರಿ ಬಿಟ್ಟ. ಆ ಜೂನ್‌ನಲ್ಲಿ ನಾನಾದರೂ ಮರ್ರಿಯನ್ನೇ ಉಳಿಸಿಕೊಳ್ಳುತ್ತಿದ್ದೆ. ಮುಂದಿನ ವರ್ಷವೇ ಫ್ಲೂರಿ ವೇಗಸ್ಸನ್ನು ಫೈನಲ್‌ಗೆ ಒಯ್ದ, 2021ರಲ್ಲಿ ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿ ಗೆದ್ದ. ಮರ್ರಿಯನ್ನು ಪಿಟ್ಸ್‌ಬರ್ಗ್ 2020ರಲ್ಲಿ ಒಟ್ಟಾವಗೆ ಬಿಟ್ಟುಕೊಟ್ಟಿತು.