ಅಮ್ಮನ ನಿಂಬೆಹಣ್ಣು, ಶಿರಾಡಿ ಘಾಟಿ ಮತ್ತು ಎರ್ಟಿಗಾದ 6 ಗೇರ್

ಗೇರ್‌ಬಾಕ್ಸ್ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ನಮ್ಮ ಮನೆಯಲ್ಲಿ ಒಂದು ಅಳತೆ ಇದೆ. ಅದು ಅಮ್ಮನ ಹೊಟ್ಟೆ. ಪುತ್ತೂರಿನ ತವರಿನಿಂದ ಅಮ್ಮನನ್ನು ಹಾಸನಕ್ಕೆ ಕರೆದುಕೊಂಡು ಬರುವಾಗ, ಗುಂಡ್ಯ ದಾಟಿ ಏರು ಶುರುವಾದ ಕೂಡಲೇ ಅವರ ಕೈಗೆ ನಿಂಬೆಹಣ್ಣು ಬರುತ್ತಿತ್ತು. ಉಗುರಲ್ಲಿ ಸಿಪ್ಪೆ ಗೀರಿ ಮೂಗಿಗೆ ಹಿಡಿದುಕೊಂಡರೆ ಸಕಲೇಶಪುರದವರೆಗೆ ಮಾತಿಲ್ಲ. ಘಾಟಿಯ ತಿರುವು ಅಮ್ಮನಿಗೆ ಹೊಸದೇನಲ್ಲ, ಜೀವಮಾನವೆಲ್ಲ ಆ ದಾರಿಯಲ್ಲಿ ಬಸ್ಸಲ್ಲಿ ಓಡಾಡಿದವರು. ಅವರಿಗೆ ಹೊಟ್ಟೆ ತೊಳೆಸುತ್ತಿದ್ದದ್ದು ಕಾರು ಮುಂದಕ್ಕೆ ಜಗ್ಗಿ, ಮತ್ತೆ ಸೋತು, ಮತ್ತೆ ಜಗ್ಗುವುದರಿಂದ.

ಆ ಹಳೆ ಕಾರಿನ ಹೆಸರು ಬೇಡ. 4 ಗೇರಿನ ಆಟೊಮ್ಯಾಟಿಕ್ ಸೆಡಾನ್. ಎಡ ಮೊಣಕಾಲು ಕೈಕೊಟ್ಟ ಮೇಲೆ ಕ್ಲಚ್ ತುಳಿಯುವುದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ಅದನ್ನು ತಗೊಂಡೆ. ಐದು ವರ್ಷ ಓಡಿಸಿದೆ. ಊರೊಳಗೆ ಏನೂ ತೊಂದರೆ ಇರಲಿಲ್ಲ. ಘಾಟಿಯಲ್ಲಿ ಮಾತ್ರ ಪ್ರತಿ ಸಲ ಅದೇ ಕಥೆ.

ಈಗ ಎರ್ಟಿಗಾ ಇದೆ, ಝಡ್‌ಎಕ್ಸ್‌ಐ ಆಟೊಮ್ಯಾಟಿಕ್. ಮನೆಗೆ ಬಂದು ಎರಡು ವರ್ಷ ದಾಟಿತು. 1.5 ಲೀಟರ್ ಪೆಟ್ರೋಲ್ ಎಂಜಿನ್, 103 ಪಿಎಸ್ ಶಕ್ತಿ, 6 ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ನಿನ ಶಕ್ತಿ ದಾಟಿಸುವ ಆಟೊಮ್ಯಾಟಿಕ್. 2022ರ ಏಪ್ರಿಲ್‌ನಲ್ಲಿ ಮಾರುತಿಯವರು ಎರ್ಟಿಗಾಗೆ ಈ ಗೇರ್‌ಬಾಕ್ಸ್ ಕೊಟ್ಟರು. ಅದಕ್ಕೂ ಮೊದಲು ಅದರಲ್ಲೂ 4 ಗೇರೇ ಇತ್ತು. ಹಾಸನದಿಂದ ಪುತ್ತೂರಿಗೆ ತಿಂಗಳಿಗೆ ಒಂದು ಸಲ, ಕೆಲವೊಮ್ಮೆ ಎರಡು ಸಲ ಹೋಗಿ ಬರುತ್ತೇನೆ. ಆ ಓಡಾಟದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಜೊತೆಗೆ, ಹೊಸ ಕಾರು ನೋಡುತ್ತಿರುವವರೆಲ್ಲ ನನ್ನನ್ನು ಕೇಳುವ ಪ್ರಶ್ನೆಯೂ ಒಂದಿದೆ: ಗೇರ್ ಜಾಸ್ತಿ ಇದ್ದಷ್ಟೂ ಒಳ್ಳೆಯದಾ?

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವಳು. ಮಕ್ಕಳಿಗೆ ಇದನ್ನು ಅಟ್ಟದ ಏಣಿ ಇಟ್ಟು ಹೇಳುತ್ತೇನೆ. ಪೆಟ್ರೋಲ್ ಎಂಜಿನ್‌ಗೆ ಎಲ್ಲ ವೇಗದಲ್ಲೂ ಒಂದೇ ರೀತಿ ಎಳೆಯುವ ತಾಕತ್ತು ಇರುವುದಿಲ್ಲ. ಎರ್ಟಿಗಾದ ಈ ಎಂಜಿನ್‌ಗೆ ಅತಿ ಹೆಚ್ಚು ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುವುದು 4,400 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು), ಸುಮಾರು 137 ನ್ಯೂಟನ್ ಮೀಟರ್. ಕಾರು ನಿಂತಲ್ಲಿಂದ ನೂರರವರೆಗೆ ಹೋಗಬೇಕು, ಎಂಜಿನ್ ಮಾತ್ರ ತನಗೆ ಹಿತವಾದ ಒಂದು ಪಟ್ಟಿಯೊಳಗೇ ತಿರುಗುತ್ತಿರಬೇಕು. ಅದಕ್ಕೇ ಗೇರ್ ಬೇಕು. ಮೊದಲ ಗೇರಿನಿಂದ ಕೊನೆಯ ಗೇರಿನವರೆಗಿನ ಅಂತರ ಏಣಿಯ ಉದ್ದ. ಒಂದೊಂದು ಗೇರ್ ಒಂದೊಂದು ಮೆಟ್ಟಿಲು. ಏಣಿ ಉದ್ದ ಇದ್ದು ನಾಲ್ಕೇ ಮೆಟ್ಟಿಲಿದ್ದರೆ ಕಾಲು ಎತ್ತಿ ಎತ್ತಿ ಇಡಬೇಕಾಗುತ್ತದೆ. ಮೆಟ್ಟಿಲು ಹತ್ತಿರ ಹತ್ತಿರ ಇದ್ದರೆ ಸಲೀಸು. ಹಳೆ 4 ಗೇರಿನವರು ಇದಕ್ಕಾಗಿ ಏಣಿಯನ್ನೇ ಗಿಡ್ಡ ಮಾಡಿದ್ದರು. ಮೊದಲ ಗೇರಿಗೂ ಕೊನೆಯದಕ್ಕೂ ಸುಮಾರು ನಾಲ್ಕು ಪಟ್ಟು ಅಂತರ, ಅಷ್ಟೇ. ಆದರೂ ಮೆಟ್ಟಿಲು ದೂರ ದೂರವೇ.

ಗುಂಡ್ಯದ ಮೇಲಿನ ಏರಿನಲ್ಲಿ ಇದು ಹೇಗೆ ಗೊತ್ತಾಗುತ್ತದೆ ಅಂದರೆ, ಮಂಗಳೂರಿನಿಂದ ಬರುವ ಬುಲೆಟ್ ಟ್ಯಾಂಕರ್ ಮುಂದೆ ಸಿಗುತ್ತದೆ. ಗ್ಯಾಸ್ ತುಂಬಿದ ಉದ್ದನೆಯ ಲಾರಿ, ಇಪ್ಪತ್ತರ ವೇಗದಲ್ಲಿ ತೆವಳುತ್ತಿರುತ್ತದೆ. ಹಿಂದೆ ನಾವು, ನಮ್ಮ ಹಿಂದೆ ಬಸ್ಸು. ಒಂದು ನೇರ ತುಂಡು ರಸ್ತೆ ಕಂಡಿತು, ಎದುರಿಗೆ ಯಾರೂ ಇಲ್ಲ. ಹಳೆ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಇನ್ನೂ ಒತ್ತಿದರೆ ಗೇರ್ ದಡ್ ಅಂತ ಕೆಳಗೆ ಬಿದ್ದು ಎಂಜಿನ್ ಕಿರುಚಿಕೊಳ್ಳುತ್ತಿತ್ತು, ಕಾರು ಜಗ್ಗುತ್ತಿತ್ತು. ಟ್ಯಾಂಕರ್ ಅರ್ಧ ದಾಟುವಾಗ ಕಾಲು ಚೂರು ಸಡಿಲ ಬಿಟ್ಟರೆ ಮೇಲಿನ ಗೇರಿಗೆ ಹಾರಿ ಪಿಕಪ್ಪೇ ಹೋಗುತ್ತಿತ್ತು. ಎಡಗಡೆ ಟ್ಯಾಂಕರಿನ ಚಕ್ರ ಕಿಟಕಿಯ ಎತ್ತರಕ್ಕೆ ತಿರುಗುತ್ತಿರುತ್ತದೆ, ಕಾರಿಗೆ ದಮ್ಮಿಲ್ಲ. ಆ ಎರಡು ಸೆಕೆಂಡ್ ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ನಾನು ಆ ಕಾರಿನಲ್ಲಿ ಟ್ಯಾಂಕರ್ ಓವರ್‌ಟೇಕ್ ಮಾಡುವುದನ್ನೇ ಬಿಟ್ಟೆ. ಮಾರನಹಳ್ಳಿವರೆಗೂ ಹಿಂದೆಯೇ ಹೋಗುತ್ತಿದ್ದೆ.

ಎರ್ಟಿಗಾದಲ್ಲಿ ಅದೇ ಜಾಗ, ಅದೇ ಥರದ ಟ್ಯಾಂಕರ್. ಕಾಲು ಅರ್ಧ ಒತ್ತಿದರೆ ಒಂದು ಗೇರ್ ಇಳಿಯುತ್ತದೆ. ಆರ್‌ಪಿಎಂ ಸೂಜಿ ಹಾರುವುದಿಲ್ಲ, ಏರುತ್ತದೆ. ಇನ್ನೂ ಬೇಕು ಅಂದರೆ ಇನ್ನೊಂದು ಇಳಿಯುತ್ತದೆ. ಸದ್ದು ಜಾಸ್ತಿಯಾಗುತ್ತದೆ ನಿಜ, ಆದರೆ ಸದ್ದಿನ ಜೊತೆಗೇ ಕಾರೂ ಮುಂದೆ ಹೋಗುತ್ತದೆ. ದಾಟಿ ಎಡಕ್ಕೆ ಬಂದ ಮೇಲೆ ಮೆಲ್ಲಗೆ ಮೇಲಿನ ಗೇರ್ ಹಿಡಿಯುತ್ತದೆ. ಯಾವಾಗ ಬದಲಾಯಿತು ಅಂತ ಮೀಟರ್ ನೋಡಿದರಷ್ಟೇ ಗೊತ್ತು. ಮೊದಲ ಸಲ ಹೀಗೆ ಬಂದಾಗ ಅಮ್ಮ ದೋಣಿಗಾಲ್‌ವರೆಗೂ ಅಡಿಕೆ ರೇಟು, ಪಕ್ಕದ ಮನೆಯವರ ಮದುವೆ ಅಂತ ಮಾತಾಡುತ್ತಲೇ ಬಂದರು. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಪರ್ಸಿನಿಂದ ನಿಂಬೆಹಣ್ಣು ತೆಗೆದು ನೋಡಿ, "ಇದು ಬೇಡವೇ ಆಯ್ತಲ್ಲ ಮಗಾ" ಅಂದರು. ಸಿಪ್ಪೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಇಳಿಜಾರಿನಲ್ಲಿ ಇನ್ನೂ ದೊಡ್ಡ ವ್ಯತ್ಯಾಸ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದರೆ ನಾವು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿಯುತ್ತೇವೆ. ಅಲ್ಲಿ ಹೇರ್‌ಪಿನ್ ತಿರುವು, ಮಂಜು, ರಸ್ತೆ ಮೇಲೆ ಹರಿಯುವ ನೀರು. ಹಳೆ ಕಾರಿನ ಲಿವರ್‌ನಲ್ಲಿ ಡಿ ಕೆಳಗೆ 2 ಮತ್ತು ಎಲ್ ಅಂತ ಇತ್ತು. 2ಕ್ಕೆ ಹಾಕಿದರೆ ಕಾರು ಸಡಿಲ, ಎಲ್‌ಗೆ ಹಾಕಿದರೆ ಎಂಜಿನ್ ಗೋಳಾಟ. ನಡುವೆ ಏನೂ ಇಲ್ಲ. ಹಾಗಾಗಿ ಬ್ರೇಕೇ ಗತಿ. ಒಂದು ಸಲ ಚಾರ್ಮಾಡಿ ಊರಿನ ಹತ್ತಿರ ನಿಲ್ಲಿಸಿ ಇಳಿದಾಗ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಎರ್ಟಿಗಾದಲ್ಲಿ ಸ್ಟೀರಿಂಗ್ ಹಿಂದೆ ಪ್ಯಾಡಲ್ ಇದೆ. ಎಡಗಡೆಯದನ್ನು ಎಳೆದರೆ ಒಂದು ಗೇರ್ ಇಳಿಯುತ್ತದೆ. ತಿರುವಿಗೆ ಮೊದಲು ಎರಡು ಸಲ ಎಳೆದರೆ ಸಾಕು, ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಸುಮ್ನೆ ಮುಟ್ಟಿದರಾಯಿತು. ಪ್ಯಾಡಲ್ ಅಂದರೆ ರೇಸ್ ಹುಡುಗರ ಆಟಿಕೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಘಾಟಿ ಇಳಿಯುವವರಿಗೆ ಅದು ಜೀವ ಕಾಯುವ ಸಾಮಾನು. ನಿಮ್ಮ ಕಾರಿನಲ್ಲಿದ್ದರೆ ದಯವಿಟ್ಟು ಬಳಸಿ.

ಮೈಲೇಜ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಲೆಕ್ಕ ಸರಿಯಾಗಿ ಹಾಕಬೇಕು. 4 ಗೇರಿನ ಬಿಎಸ್6 (ಹೊಗೆ ನಿಯಂತ್ರಣದ ಮಾನದಂಡ) ಎರ್ಟಿಗಾಗೆ ಕಂಪನಿ ಹೇಳಿದ್ದು ಲೀಟರಿಗೆ 17.99 ಕಿ.ಮೀ. 6 ಗೇರಿನದಕ್ಕೆ 20.30. ನೋಡಿ, ಗೇರ್ ಜಾಸ್ತಿಯಾದದ್ದಕ್ಕೆ ಎರಡು ಕಿಲೋಮೀಟರ್ ಸಿಕ್ಕಿತು ಅಂತ ಸೇಲ್ಸ್‌ನವರು ಹೇಳುತ್ತಾರೆ. ಆದರೆ ಅದೇ ಸಮಯಕ್ಕೆ ಎಂಜಿನ್ ಕೂಡ ಬದಲಾಯಿತು ಅಲ್ವಾ? ಮ್ಯಾನುಯಲ್ ಕಾರಿಗೆ ಆಗಲೂ 5 ಗೇರ್, ಈಗಲೂ 5 ಗೇರ್, ಅದರ ಮೈಲೇಜ್ ಕೂಡ 19.01ರಿಂದ 20.51ಕ್ಕೆ ಏರಿದೆ. ಅಂದರೆ ಒಂದೂವರೆ ಕಿಲೋಮೀಟರ್ ಎಂಜಿನ್‌ನಿಂದಲೇ ಬಂದದ್ದು. ಮಿಕ್ಕ ಮುಕ್ಕಾಲು ಕಿಲೋಮೀಟರ್ ಮೇಲೆ ಸ್ವಲ್ಪ, ಅದು ಗೇರ್‌ಬಾಕ್ಸಿನದು. ಇನ್ನೊಂದು ರೀತಿ ನೋಡಿದರೆ, ಮೊದಲು ಮ್ಯಾನುಯಲ್‌ಗಿಂತ ಆಟೊಮ್ಯಾಟಿಕ್ ಒಂದು ಕಿಲೋಮೀಟರ್ ಹಿಂದಿತ್ತು, ಈಗ 0.21 ಮಾತ್ರ ಹಿಂದೆ. ಇದೇ ನನಗೆ ದೊಡ್ಡದು ಅನ್ನಿಸಿದ್ದು. ಆಟೊಮ್ಯಾಟಿಕ್ ಅಂದರೆ ಪೆಟ್ರೋಲ್ ಕುಡಿಯುತ್ತದೆ ಅನ್ನುವ ಹಳೆ ಮಾತು ಈ ಕಾರಿಗೆ ಅನ್ವಯಿಸುವುದಿಲ್ಲ. ನನ್ನ ಡೈರಿಯಲ್ಲಿ, ಟ್ಯಾಂಕ್ ಫುಲ್‌ನಿಂದ ಫುಲ್‌ಗೆ ಹಾಕಿದ ಲೆಕ್ಕದಲ್ಲಿ, ಪುತ್ತೂರು ಹೋಗಿ ಬರುವುದಕ್ಕೆ 15ರ ಹತ್ತಿರ ಬರುತ್ತಿದೆ. ಹಾಸನದ ಊರೊಳಗೆ 11, 12. ಘಾಟಿ ರಸ್ತೆಗೆ ಇದು ಒಳ್ಳೆಯದೇ.

ಹಾಗಾದರೆ 6 ಇಷ್ಟು ಚೆನ್ನಾಗಿದ್ದರೆ 9 ಇನ್ನೂ ಚೆನ್ನಾಗಿರಬೇಕಲ್ಲ? ನನಗೂ ಆ ಆಸೆ ಇತ್ತು. ಬೆಂಗಳೂರಿನಲ್ಲಿರುವ ಭಾವನ ಡೀಸೆಲ್ ಎಸ್‌ಯುವಿಯಲ್ಲಿ 9 ಗೇರ್ ಇದೆ. ಕಳೆದ ದಸರಾಕ್ಕೆ ಅದನ್ನು ನಾನೇ ಮೈಸೂರಿಗೆ ಓಡಿಸಿದೆ. ಹೈವೇಯಲ್ಲಿ ನೂರಕ್ಕಿಂತ ಮೇಲೆ ಹೋಗುವಂತಿಲ್ಲ, ಕ್ಯಾಮೆರಾ ಇದೆ. ನೂರರಲ್ಲಿ ಹಿಡಿದುಕೊಂಡು ಮಂಡ್ಯ ದಾಟಿದೆ, ಶ್ರೀರಂಗಪಟ್ಟಣ ದಾಟಿದೆ. ಮೀಟರಿನಲ್ಲಿ 9 ಅನ್ನುವ ಅಂಕಿ ಬರಲೇ ಇಲ್ಲ. ಆ ಗೇರ್ ಇರುವುದು ಯುರೋಪಿನ ಹೈವೇ ವೇಗಕ್ಕೆ. ನಮ್ಮ ದುಡ್ಡಿನಲ್ಲಿ ಕೊಂಡ ಒಂದು ಮೆಟ್ಟಿಲು, ನಮ್ಮ ರಸ್ತೆಯಲ್ಲಿ ಹತ್ತುವ ಹಾಗಿಲ್ಲ. ಮೈಸೂರಿನೊಳಗೆ ಬಂದ ಮೇಲೆ ಒಂದೊಂದು ರಸ್ತೆ ಹಂಪ್‌ಗೂ, ಸಿಗ್ನಲ್ಲಿಗೂ ಗೇರ್ ಹುಡುಕಾಟ. ಮೂರಾ, ನಾಲ್ಕಾ, ಐದಾ ಅಂತ ಅದಕ್ಕೇ ಗೊಂದಲ. ಡೀಸೆಲ್‌ಗೆ ಕೆಳಗಿನಿಂದಲೇ ಟಾರ್ಕ್ ಇರುತ್ತದೆ, ಅಷ್ಟು ಮೆಟ್ಟಿಲು ಅದಕ್ಕೆ ಬೇಕೂ ಇರಲಿಲ್ಲ ಅಂತ ನನಗೆ ಅನ್ನಿಸಿತು.

ಗೇರ್ ತಯಾರಿಸುವವರಿಗೇ ಇದು ಗೊತ್ತಿದೆ. ಜರ್ಮನಿಯ ಝಡ್‌ಎಫ್ ಕಂಪನಿ 2009ರಲ್ಲಿ 8 ಗೇರಿನ ಆಟೊಮ್ಯಾಟಿಕ್ ಹೊರತಂದಿತು. ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಮೊದಲು ಬಂತು. ಅದರ ಏಣಿ ಹಳೆ 6 ಗೇರಿನದಕ್ಕಿಂತ ಉದ್ದ, ಆರು ಪಟ್ಟಿನಿಂದ ಏಳು ಪಟ್ಟಿಗೆ. ಆಮೇಲೆ ಅದನ್ನು ಹಲವು ಸಲ ತಿದ್ದಿದ್ದಾರೆ. ಎಣ್ಣೆಯ ಘರ್ಷಣೆ ಕಡಿಮೆ ಮಾಡಿದರು, ಏಣಿಯನ್ನು ಇನ್ನೂ ಉದ್ದ ಮಾಡಿದರು, ಒಳಗೆ ಎಲೆಕ್ಟ್ರಿಕ್ ಮೋಟಾರ್ ಕೂರಿಸಿದರು. ಆದರೆ ಗೇರ್ ಮಾತ್ರ 8ರಲ್ಲೇ ನಿಂತಿದೆ. ಅಮೆರಿಕದಲ್ಲಿ ಫೋರ್ಡ್ ಮತ್ತು ಜಿಎಂ ಸೇರಿ 10ರವರೆಗೆ ಹೋದರು. ಭಾರ ಎಳೆಯುವ ದೊಡ್ಡ ಪಿಕಪ್ ಟ್ರಕ್‌ಗಳಿಗೆ ಅದು ಕೆಲಸಕ್ಕೆ ಬರುತ್ತದೆ. ಹಿಂದೆ ಟ್ರೇಲರ್ ಕಟ್ಟಿಕೊಂಡು ಸಾವಿರಾರು ಕಿಲೋಮೀಟರ್ ಹೋಗುವವರು ಅವರು. ನಾವು ಹಿಂದಿನ ಸೀಟಿನಲ್ಲಿ ಹಲಸಿನಹಣ್ಣು ಇಟ್ಟುಕೊಂಡು ಹೋಗುವವರು.

ಸಿವಿಟಿ ಅನ್ನುವ ಇನ್ನೊಂದು ಬಗೆಯ ಆಟೊಮ್ಯಾಟಿಕ್‌ನಲ್ಲಿ ಮೆಟ್ಟಿಲೇ ಇಲ್ಲ, ಜಾರುವ ಇಳಿಜಾರು ಅದು. ಎಲೆಕ್ಟ್ರಿಕ್ ಕಾರಿಗೆ ಸಾಮಾನ್ಯವಾಗಿ ಒಂದೇ ಗೇರ್, ಮೋಟಾರಿಗೆ ನಿಂತಲ್ಲೇ ಪೂರ್ತಿ ಟಾರ್ಕ್ ಸಿಗುವುದರಿಂದ. ಅವುಗಳಲ್ಲಿ ಎಷ್ಟು ಗೇರ್ ಅಂತ ಕೇಳುವುದಕ್ಕೆ ಅರ್ಥವಿಲ್ಲ. ಎಎಂಟಿ ಬೇರೆ ಜಾತಿ. ಅದು ಮ್ಯಾನುಯಲ್ ಗೇರ್‌ಬಾಕ್ಸ್, ಕ್ಲಚ್ ತುಳಿದು ಗೇರ್ ಬದಲಿಸುವುದನ್ನು ನಮ್ಮ ಬದಲು ಯಂತ್ರ ಮಾಡುತ್ತದೆ. ಊರೊಳಗಿನ ಓಡಾಟಕ್ಕೆ, ಕಡಿಮೆ ಬಜೆಟ್ಟಿಗೆ ಸರಿ.

ದುಡ್ಡಿನ ಮಾತು. 2022ರಲ್ಲಿ ಬಂದಾಗ ಎರ್ಟಿಗಾದ ಮ್ಯಾನುಯಲ್‌ಗೂ ಆಟೊಮ್ಯಾಟಿಕ್‌ಗೂ ಒಂದೂವರೆ ಲಕ್ಷ ವ್ಯತ್ಯಾಸ ಇತ್ತು. ಮೊಣಕಾಲು ನೋವಿರುವವರಿಗೆ, ಘಾಟಿ ರಸ್ತೆಯವರಿಗೆ, ವಯಸ್ಸಾದವರನ್ನು ಕರೆದುಕೊಂಡು ಓಡಾಡುವವರಿಗೆ ಆ ದುಡ್ಡು ದಂಡವಲ್ಲ. ಬರೀ ಹಾಸನ ಬೆಂಗಳೂರು ಹೈವೇಯಲ್ಲಿ ಓಡಾಡುವವರಿಗೆ ಮ್ಯಾನುಯಲ್ಲೇ ಸಾಕು. ಇನ್ನೊಂದು ವಿಷಯ ತಿಳಿದಿರಲಿ. ಏಳು ಜನ ಕೂತು, ಸಾಮಾನು ತುಂಬಿ ಘಾಟಿ ಹತ್ತಿದರೆ ಎಂಜಿನ್ ಜೋರಾಗಿ ದುಡಿಯಲೇಬೇಕು. ಗೇರ್ ಎಷ್ಟಿದ್ದರೂ ಶಕ್ತಿ 103 ಪಿಎಸ್ಸೇ. ಗೇರ್‌ಬಾಕ್ಸ್ ಇರುವ ಶಕ್ತಿಯನ್ನು ಸರಿಯಾಗಿ ಬಡಿಸುತ್ತದೆ, ಹೊಸದಾಗಿ ಬೇಯಿಸುವುದಿಲ್ಲ. ನಾವು ಸಾಮಾನ್ಯವಾಗಿ ನಾಲ್ಕು ಜನ, ನಮಗೆ ಧಾರಾಳ.

ಆಟೊಮ್ಯಾಟಿಕ್ ತಗೊಳ್ಳುವ ಯೋಚನೆ ಇದ್ದರೆ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಷೋರೂಮಿನವರು ಸಪಾಟು ರಸ್ತೆಯಲ್ಲಿ ಎರಡು ಕಿಲೋಮೀಟರ್ ಸುತ್ತಿಸಿ ತರುತ್ತಾರೆ, ಅಲ್ಲಿ 4 ಗೇರೂ ಒಂದೇ, 9 ಗೇರೂ ಒಂದೇ. ಮನೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳಿ. ಏರು ಇರುವ ರಸ್ತೆ ಕೇಳಿ. ನಲವತ್ತರ ವೇಗದಲ್ಲಿ ಹೋಗುತ್ತಾ ಕಾಲು ಅರ್ಧ ಒತ್ತಿ ನೋಡಿ, ಆಮೇಲೆ ಚೂರು ಬಿಟ್ಟು ನೋಡಿ. ಹಿಂದೆ ಕೂತವರ ತಲೆ ಅಲ್ಲಾಡಿತಾ ಅಂತ ಕನ್ನಡಿಯಲ್ಲಿ ಗಮನಿಸಿ.